ತಟ್ಟೆತಳದವರ ಪರೀಕ್ಷಾ ಖರೀದಿ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರ ಮನೆಗೆ ಒಂದೇ ದಿನ ಎರಡು ಒಳ್ಳೆಯ ಸುದ್ದಿಗಳು ಬಂದವು. ಬೇರೆಯವರ ಮನೆಯಾಗಿದ್ದರೆ ಕುಣಿದಾಡುತ್ತಿದ್ದರು. ಇವರು ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿ ಬಂದರು.

ಅದು ಅವರ ತಪ್ಪಲ್ಲ. ಇಪ್ಪತ್ತೆಂಟು ವರ್ಷದ ಸರ್ವಿಸು ಅವರಿಗೆ ಕಲಿಸಿದ್ದು ಒಂದೇ ಪಾಠ: ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತರೆ ಮೊದಲು ತಟ್ಟೆಯನ್ನು ಮಗುಚಿ ತಳ ನೋಡಬೇಕು. ಅಲ್ಲಿ ಮೇಣದ ಉಂಡೆಯೋ ಸೀಸದ ಚೂರೋ ಅಂಟಿಕೊಂಡಿರುತ್ತದೆ. ಪೇಟೆಯವರು ಅವರನ್ನು ಎದುರಿಗೆ ‘ಸಾರ್’ ಎಂದೂ ಬೆನ್ನ ಹಿಂದೆ ‘ತಟ್ಟೆತಳ’ ಎಂದೂ ಕರೆಯುತ್ತಿದ್ದರು. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೂ ಅವರ ಕೈ ತನ್ನಷ್ಟಕ್ಕೆ ತಟ್ಟೆಯನ್ನು ಎತ್ತಿ ಅಡಿಭಾಗ ನೋಡಿಬಿಡುತ್ತಿತ್ತು. ಹೆಂಡತಿ ಪಕ್ಕದಿಂದ ಮೆಲ್ಲಗೆ ಚಿವುಟಿ, “ಅವರಿಗೆ ಅಭ್ಯಾಸ” ಎಂದು ನೆಂಟರ ಮುಂದೆ ನಗುತ್ತಿದ್ದರು.

ಸುದ್ದಿ ಇಷ್ಟೇ. ಮಗಳಿಗೆ ಕಂಪ್ಯೂಟರ್ ಸೈನ್ಸ್ ಓದಲು ಎರಡು ವಿಶ್ವವಿದ್ಯಾಲಯಗಳಿಂದ ಕರೆ ಬಂದಿತ್ತು. ಒಂದು ಗುಡ್ಡದ ಮೇಲಿನದು, ಇನ್ನೊಂದು ಹೊಳೆಯ ದಂಡೆಯದು. ದೇಶದಲ್ಲಿ ಅವಕ್ಕಿಂತ ದೊಡ್ಡದು ಮೂರನೆಯದಿಲ್ಲ. ಒಂದು ಪಟ್ಟಿಯಲ್ಲಿ ಗುಡ್ಡ ಮೊದಲು ಹೊಳೆ ಎರಡನೆಯದು; ಇನ್ನೊಂದು ಪಟ್ಟಿಯಲ್ಲಿ ಹೊಳೆ ಮೊದಲು ಗುಡ್ಡ ಎರಡನೆಯದು.

“ಮುಂದಿನ ಶುಕ್ರವಾರ ಸಂಜೆ ಐದರೊಳಗೆ ಒಂದನ್ನ ಒಪ್ಕೋಬೇಕಪ್ಪಾ,” ಎಂದಳು ಮಗಳು. “ಸುಮ್ನೆ ಕೂತ್ರೆ ಎರಡೂ ಹೋಗುತ್ತೆ.”

“ನಿನಗೆ ಯಾವುದು ಇಷ್ಟ?” ಎಂದು ಕೇಳಿದರು ತಾಯಿ.

“ಅದೇ ಗೊತ್ತಾಗ್ತಿಲ್ಲಮ್ಮ. ಎರಡೂ ಒಂದೇ ಥರ ಕಾಣುತ್ತೆ.”

ಇನ್ಸ್‌ಪೆಕ್ಟರರ ಕಿವಿ ನಿಮಿರಿತು. ಎರಡೂ ಪತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮಗುಚಿದರು, ಮೂಸಿದರು.

“ಇಲ್ಲಿ ನೋಡೇ,” ಎಂದು ಹೆಂಡತಿಯನ್ನು ಕರೆದರು. “ಇವನೂ ‘ತಮ್ಮನ್ನು ಸ್ವಾಗತಿಸಲು ನಮಗೆ ಹರ್ಷವಾಗುತ್ತದೆ’ ಅಂತಾನೆ, ಅವನೂ ಹರ್ಷ ಅಂತಾನೆ. ಇಪ್ಪತ್ತೆಂಟು ವರ್ಷದಲ್ಲಿ ಹರ್ಷ ಆಗಿರೋ ಒಂದು ಕಚೇರಿ ನಾನು ನೋಡಿಲ್ಲ. ಒಳ್ಳೇ ಸರಕು ಇರೋನು ಕೂಗಿ ಕರೀತಾನಾ?”

“ಹುಡುಗಿ ಹಗಲೂ ರಾತ್ರಿ ಓದಿದಾಳೆ ಕಣ್ರೀ. ಅದಕ್ಕೆ ಕರೆದಿದಾರೆ.”

“ಅವಳ ಮೇಲೆ ನನಗೆ ಅನುಮಾನ ಇಲ್ಲ. ತಕ್ಕಡಿ ಮೇಲೆ ಅನುಮಾನ.”

ಅಂದು ಸಂಜೆ ಭಾವಮೈದ ಬಂದ. ಅವನು ಪ್ರಿಂಟರುಗಳ ಅಂಗಡಿ ಇಟ್ಟವನು. ಅಷ್ಟಕ್ಕೇ ಕಂಪ್ಯೂಟರ್ ಪ್ರಪಂಚದ ಸಮಸ್ತ ಗುಟ್ಟೂ ತನ್ನ ಜೇಬಿನಲ್ಲಿದೆ ಎಂಬ ನಡಿಗೆ ಅವನದು.

“ಗುಡ್ಡಕ್ಕೆ ಹಾಕಿ ಭಾವ, ಕಣ್ಣು ಮುಚ್ಚಿ.”

“ಯಾಕೆ?”

“ಹೊಳೆಯವರು ನನ್ನ ಹತ್ರ ಒಂದೂ ಪ್ರಿಂಟರ್ ತಗೊಂಡಿಲ್ಲ.”

“ಗುಡ್ಡದವರು ತಗೊಂಡಿದಾರಾ?”

“ಅವರೂ ತಗೊಂಡಿಲ್ಲ. ಆದ್ರೆ ‘ಬೇಡ’ ಅಂತ ಮರ್ಯಾದೆಯಾಗಿ ಕಾಗದ ಬರೆದ್ರು.”

ಇನ್ಸ್‌ಪೆಕ್ಟರರು ಸಲಹೆಯನ್ನು ಕೇಳಿಸಿಕೊಂಡು, ಮನಸ್ಸಿನಲ್ಲೇ ಅದನ್ನು ಮಗುಚಿ ನೋಡಿ, ಬದಿಗಿಟ್ಟರು. ಆದರೆ ‘ಬೇಡ’ ಎಂಬ ಮಾತು ಅವರ ತಲೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತು.

ಅವರ ಇಲಾಖೆಯಲ್ಲಿ ‘ಪರೀಕ್ಷಾ ಖರೀದಿ’ ಎಂಬ ಒಂದು ಪದ್ಧತಿ ಉಂಟು. ಇನ್ಸ್‌ಪೆಕ್ಟರು ಟೋಪಿ ಬಿಚ್ಚಿಟ್ಟು, ಕೈಚೀಲ ಹಿಡಿದು, ಸಾಮಾನ್ಯ ಗಿರಾಕಿಯ ಹಾಗೆ ಅಂಗಡಿಗೆ ಹೋಗುವುದು. ಸರಕು ಕೊಂಡು, ಮೂಲೆ ತಿರುಗಿ, ತಮ್ಮದೇ ತಕ್ಕಡಿಯಲ್ಲಿ ತೂಗಿ ನೋಡುವುದು. ವಿಶ್ವವಿದ್ಯಾಲಯದ ತಕ್ಕಡಿಯನ್ನು ಪರೀಕ್ಷಿಸುವುದು ಹೇಗೆ? ಬಹಳ ಸುಲಭ. ತೂಕವೇ ಇಲ್ಲದ್ದನ್ನು ತಟ್ಟೆಯಲ್ಲಿಟ್ಟು ನೋಡಬೇಕು. ಅದನ್ನೂ ‘ಹರ್ಷವಾಗುತ್ತದೆ’ ಎಂದು ಒಳಗೆ ಬಿಟ್ಟುಕೊಂಡರೆ ತಕ್ಕಡಿ ಸುಳ್ಳು. ‘ಬೇಡ’ ಎಂದರೆ ತಕ್ಕಡಿ ಸಾಚಾ.

ತೂಕವಿಲ್ಲದ ವಸ್ತುವನ್ನು ಎಲ್ಲಿ ಹುಡುಕುವುದು ಎಂದು ಅವರು ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ. ಬೀರುವಿನ ತಳದಿಂದ ತಮ್ಮದೇ ಹಳೆಯ ಅಂಕಪಟ್ಟಿಯನ್ನು ಹೊರಗೆ ತೆಗೆದರು. ಗಣಿತ: ನೂರಕ್ಕೆ ಮೂವತ್ತೆಂಟು.

ಎರಡೂ ಕಡೆ ಉದ್ಯೋಗದಲ್ಲಿರುವ ಹಿರಿಯರಿಗಾಗಿ ಕೆಲವು ಸೀಟುಗಳಿದ್ದವು, ಅರ್ಜಿಯ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಇನ್ಸ್‌ಪೆಕ್ಟರರು ಯಾರಿಗೂ ಹೇಳದೆ ಎರಡು ಅರ್ಜಿ ತುಂಬಿದರು. ಪರೀಕ್ಷೆಗೆಂದು ಅರ್ಜಿ ಹಾಕುವುದು ಅವರ ಪ್ರಕಾರ ಕರ್ತವ್ಯ. ಅರ್ಜಿಯಲ್ಲಿ ಸುಳ್ಳು ಬರೆಯುವುದು ಅಪರಾಧ. ಆದ್ದರಿಂದ ವಯಸ್ಸು ಐವತ್ತೆರಡು ಎಂದೇ ಬರೆದರು. ‘ಈ ವಿಷಯಕ್ಕೂ ನಿಮಗೂ ಏನು ಸಂಬಂಧ?’ ಎಂಬ ಪ್ರಶ್ನೆಗೆ, ತಮಗೆ ತಿಳಿದದ್ದು ಅದೊಂದೇ ಆದ್ದರಿಂದ, ತಕ್ಕಡಿಗಳ ಬಗ್ಗೆ ಮೂರು ಪುಟ ಬರೆದರು: ಕಳ್ಳ ತೂಕದ ಬಟ್ಟನ್ನು ಹಿಡಿಯುವುದು ಹೇಗೆ, ನೂರು ಅಂಗಡಿಗಳಲ್ಲಿ ಮೊದಲು ಯಾವುದಕ್ಕೆ ಹೋಗಬೇಕು, ಯಾಕೆ.

ಹೊಳೆಯವರ ಉತ್ತರ ಏಳು ನಿಮಿಷದಲ್ಲಿ ಬಂತು. ‘ತಮ್ಮ ಆಸಕ್ತಿಗೆ ಧನ್ಯವಾದಗಳು. ವಿಷಾದಿಸುತ್ತೇವೆ.’

“ನನ್ನನ್ನ ತಿರಸ್ಕರಿಸಿದ್ರು!” ಎಂದು ಇನ್ಸ್‌ಪೆಕ್ಟರರು ಕೂಗುತ್ತ ಅಡುಗೆಮನೆಗೆ ಓಡಿದರು.

ಹೆಂಡತಿಯ ಕೈಯಿಂದ ಸೌಟು ಬಿತ್ತು. “ಯಾರ್ರೀ? ಕೆಲಸದಿಂದಲಾ?”

“ಅದೇನಿಲ್ಲ, ಅದೇನಿಲ್ಲ,” ಎಂದು ಅವರು ನಾಲಗೆ ಕಚ್ಚಿಕೊಂಡರು. “ಒಂದು ಅಂಗಡಿ ಸಾಚಾ ಅಂತ ಗೊತ್ತಾಯ್ತು, ಅಷ್ಟೆ.”

ಖುಷಿಯಾಗಿ ಕುರ್ಚಿಗೆ ಒರಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, ಏಳು ನಿಮಿಷ ತೀರ ಕಡಿಮೆಯಾಯಿತೇನೋ ಎಂದು ಅನ್ನಿಸಿತು. ಮೂರು ಪುಟ ಓದುವುದಕ್ಕೇ ಎಂಟು ನಿಮಿಷ ಬೇಕು.

ಗುಡ್ಡದವರು ಮಾತ್ರ ಸುಮ್ಮನಿದ್ದರು. ಬುಧವಾರ ಸುಮ್ಮನಿದ್ದರು. ಗುರುವಾರವೂ. ಅದರ ನಂತರದ ಸೋಮವಾರವೂ ಸುಮ್ಮನಿದ್ದರು. ಇನ್ಸ್‌ಪೆಕ್ಟರರ ಅನುಮಾನ ಉಬ್ಬುತ್ತಾ ಹೋಯಿತು. ಮಗಳು “ಅಪ್ಪಾ, ತೀರ್ಮಾನ ಮಾಡೋಣ್ವಾ?” ಎಂದಾಗಲೆಲ್ಲ “ಇರು, ತನಿಖೆ ನಡೀತಿದೆ” ಎನ್ನುತ್ತಿದ್ದರು.

ಬುಧವಾರ ಮಧ್ಯಾಹ್ನ ಪಕ್ಕದ ಮನೆಯ ಟೀಚರಮ್ಮ ಬಂದರು. ಇವರು ನಿವೃತ್ತ ಗಣಿತದ ಟೀಚರು; ಮಗಳಿಗೆ ಆರು ವರ್ಷ ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರು, ಅದಕ್ಕೆ ಪ್ರತಿಯಾಗಿ ಸೂಜಿಗೆ ದಾರ ಪೋಣಿಸಿಕೊಡಬೇಕೆಂದು ಮಾತ್ರ ಕೇಳಿದವರು. ಅವರ ಕೈಯಲ್ಲಿ ದಪ್ಪ ಲಕೋಟೆ ಇತ್ತು.

“ಕೊರಿಯರಿನವನು ನಮ್ಮನೇಲಿ ಕೊಟ್ಟು ಹೋದ,” ಎಂದರು. “ಗುಡ್ಡದ ಯೂನಿವರ್ಸಿಟಿದು. ವಿಳಾಸ ಏನೋ ತಪ್ಪಿರ್ಬೇಕು ನೋಡಿ ಇನ್ಸ್‌ಪೆಕ್ಟ್ರೇ. ‘ವಿದ್ಯಾರ್ಥಿ’ ಅಂತ ಬರೆದು ನಿಮ್ಮ ಹೆಸರು ಹಾಕಿದಾರೆ.”

ತಾಯಿಯೂ ಮಗಳೂ ಒಟ್ಟಿಗೆ ಅವರ ಕಡೆ ತಿರುಗಿದರು.

“ವಿಳಾಸ ತಪ್ಪಿಲ್ಲ,” ಎಂದರು ಇನ್ಸ್‌ಪೆಕ್ಟರರು, ಗೋಡೆಯ ಕಡೆ ನೋಡುತ್ತ.

ಮಗಳೇ ಲಕೋಟೆ ಒಡೆದು ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಸಣ್ಣದಾಯಿತು. ಒಂದೇ ವಿಳಾಸದಿಂದ ಎರಡು ಅರ್ಜಿಗಳು ಬಂದಿವೆ. ಎರಡರಲ್ಲೂ ಪ್ರಬಂಧ ಒಂದೇ ವಿಷಯದ ಮೇಲೆ ಇದೆ. ಒಂದು ಇನ್ನೊಂದರ ನಕಲು, ಅಥವಾ ಎರಡನ್ನೂ ಒಬ್ಬರೇ ಬರೆದಿದ್ದಾರೆ ಎಂಬ ಅನುಮಾನವಿದೆ. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಇಬ್ಬರು ಅಭ್ಯರ್ಥಿಗಳೂ ಖುದ್ದಾಗಿ ಬರಬೇಕು. ಅಲ್ಲಿಯವರೆಗೆ ಇಬ್ಬರ ಕಡತವನ್ನೂ ತಡೆಹಿಡಿಯಲಾಗಿದೆ. ನಕಲು ಸಾಬೀತಾದರೆ ಬೇರೆ ವಿಶ್ವವಿದ್ಯಾಲಯಗಳಿಗೂ ತಿಳಿಸಲಾಗುವುದು.

“ಅಂದ್ರೆ ಹೊಳೆಯದೂ ಹೋಗುತ್ತೆ,” ಎಂದಳು ಮಗಳು. ಅಳಲಿಲ್ಲ. ಅತ್ತಿದ್ದರೆ ತಂದೆಗೆ ಎಷ್ಟೋ ವಾಸಿಯಾಗುತ್ತಿತ್ತು.

“ನೀನು ಯಾವುದರ ಮೇಲೆ ಬರೆದಿದ್ದೆ ಪುಟ್ಟಿ?”

“ತಕ್ಕಡಿ ಮೇಲೆ.”

“ತಕ್ಕಡಿ ಮೇಲೆ ನೀನ್ಯಾಕೆ ಬರೆದೆ?”

“ನೀವ್ಯಾಕೆ ಅರ್ಜಿ ಹಾಕಿದ್ರಿ ಅಪ್ಪಾ?”

ಅವರು ಪರೀಕ್ಷಾ ಖರೀದಿಯ ತತ್ವವನ್ನು ವಿವರಿಸಿದರು. ಅಷ್ಟು ಸೊಗಸಾದ ತತ್ವ, ಮನೆಯವರ ಮುಂದೆ ಬಾಯಿಬಿಟ್ಟು ಹೇಳಿದಾಗ, ಅರ್ಧ ತೂಕ ಕಳೆದುಕೊಂಡಿತು. ಹೆಂಡತಿ ಪೂರ್ತಿ ಕೇಳಿ, “ಮಗಳ ಸೀಟಿಗೆ ಕಲ್ಲು ಹಾಕಿದ್ರಲ್ರೀ” ಎಂದಷ್ಟೇ ಹೇಳಿ ಒಳಗೆ ಹೋದರು. ಟೀಚರಮ್ಮ ಮಾತ್ರ ಕೂತಲ್ಲೇ ಕೂತು, ಮೆಲ್ಲಗೆ ಕೇಳಿದರು: “ಗಣಿತದಲ್ಲಿ ಎಷ್ಟಂದ್ರಿ? ಮೂವತ್ತೆಂಟಾ? ಮೊದಲೇ ಹೇಳಿದ್ರೆ ನಿಮಗೂ ಹೇಳಿಕೊಡ್ತಿದ್ನಲ್ಲ.”

ಸುದ್ದಿ ಮನೆಯ ಅಗುಳಿಗೆ ಹೆದರುವುದಿಲ್ಲ. ಭಾವಮೈದ ಅಂದೇ ಓಡಿ ಬಂದ.

“ಭಾವ, ಇದೇನಿದು? ಮಗಳ ಜೊತೆ ಪೈಪೋಟಿನಾ? ಒಂದೇ ಬೆಂಚಲ್ಲಿ ಕೂರ್ತೀರಾ, ಬೇರೆ ಬೇರೆನಾ?”

“ಬಾಯಿ ಮುಚ್ಚೋ.”

“ಆಯ್ತು ಬಿಡಿ. ಪ್ರಿಂಟರ್ ಬೇಕಾದ್ರೆ ವಿದ್ಯಾರ್ಥಿ ರಿಯಾಯಿತಿ ಕೊಡ್ತೀನಿ.”

ಗುರುವಾರ ಬೆಳಗ್ಗೆ ಇನ್ಸ್‌ಪೆಕ್ಟರರು ಪೇಟೆಯ ಸಾಲಿಗೆ ಕಾಲಿಟ್ಟಾಗ ಅಂಗಡಿಯವರೆಲ್ಲ ಎದ್ದು ನಿಂತರು. ಯಾವತ್ತೂ ತಟ್ಟೆಯನ್ನು ಅಡಗಿಸುವವರು ಇಂದು ತಾವಾಗಿ ಮಗುಚಿ ತೋರಿಸಿದರು.

“ಕಾಲೇಜಿಗೆ ಸೇರ್ತೀರಂತೆ ಸಾರ್! ಎಷ್ಟು ವರ್ಷ?” ಎಂದ ಬೇಳೆಕಾಳಿನವನು.

“ನಾಲ್ಕು ವರ್ಷ ಅಂತೆ,” ಎಂದು ತರಕಾರಿಯವಳು ಅವರ ಪರವಾಗಿ ಉತ್ತರಿಸಿದಳು. ಅವಳ ಮುಖದಲ್ಲಿ ಹಬ್ಬದ ಕಳೆ ಇತ್ತು. “ಚೆನ್ನಾಗಿ ಓದಿ ಸಾರ್. ಅವಸರ ಮಾಡ್ಬೇಡಿ. ಐದು ವರ್ಷ ಆದ್ರೂ ಪರವಾಗಿಲ್ಲ.”

ಮೀನಿನವನು ಎರಡು ಕೈ ಜೋಡಿಸಿ, “ಅಲ್ಲೇ ಡಾಕ್ಟರೇಟೂ ಮಾಡ್ಕೊಂಡು ಬನ್ನಿ” ಎಂದು ಮನಸಾರೆ ಹಾರೈಸಿದ.

ಕಚೇರಿಯಲ್ಲಿ ಸಾಹೇಬರು ಬಾಗಿಲು ಹಾಕಿಸಿ ಕೂರಿಸಿದರು. “ನನ್ನ ಕುರ್ಚಿ ಮೇಲೆ ಕಣ್ಣಿದ್ರೆ ನೇರ ಹೇಳ್ಬಹುದಿತ್ತು. ಕಂಪ್ಯೂಟರ್ ಓದಿಬಿಟ್ಟು ಪ್ರಮೋಷನ್ನು, ಅಲ್ವಾ?”

“ಅಲ್ಲ ಸಾರ್, ಅದು ಪರೀಕ್ಷಾ ಖರೀದಿ.”

“ಯೂನಿವರ್ಸಿಟೀಲಿ?” ಸಾಹೇಬರು ಕಣ್ಣು ಕಿರಿದು ಮಾಡಿದರು. “ಯಾರ ಆರ್ಡರು? ಫೈಲ್ ಎಲ್ಲಿ?”

ಫೈಲ್ ಇರಲಿಲ್ಲ. ಶುಕ್ರವಾರದ ರಜೆ ಮಾತ್ರ ಹೇಗೋ ಸಿಕ್ಕಿತು. ರಜೆಯ ಕಾರಣದ ಜಾಗದಲ್ಲಿ ‘ಸ್ವಂತ ಸಂದರ್ಶನ’ ಎಂದು ಬರೆಯುವಾಗ ಸಹೋದ್ಯೋಗಿಯೊಬ್ಬರು ಅವರ ಮೇಜಿನ ಉದ್ದ ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದರು.

ಗುಡ್ಡದ ವಿಶ್ವವಿದ್ಯಾಲಯಕ್ಕೆ ಬಸ್ಸು ಸುತ್ತಿ ಸುತ್ತಿ ಹತ್ತಿತು. ತಂದೆ, ತಾಯಿ, ಮಗಳು ಮೂವರೂ ಒಂದೇ ಸೀಟಿನಲ್ಲಿ ಕೂತಿದ್ದರು. ಮಗಳು ಕಿಟಕಿಯ ಆಚೆ ನೋಡುತ್ತಿದ್ದಳು. ಒಮ್ಮೆ ಮಾತ್ರ, ಬಸ್ಸು ತಿರುವಿನಲ್ಲಿ ವಾಲಿದಾಗ, ತಂದೆಯ ಕೈಚೀಲ ಬೀಳದಂತೆ ಹಿಡಿದುಕೊಂಡಳು. ಅಷ್ಟಕ್ಕೇ ಅವರ ಕಣ್ಣು ತೇವವಾಯಿತು. ಧೂಳು ಎಂದು ಹೇಳಿ ಒರೆಸಿಕೊಂಡರು.

ಪ್ರವೇಶ ವಿಭಾಗದಲ್ಲಿ ಗುಮಾಸ್ತೆಯಾಗಿ ನಡುವಯಸ್ಸಿನ ಹೆಂಗಸೊಬ್ಬರು ಇದ್ದರು. ಮೊದಲ ನೋಟಕ್ಕೇ ತಾಯಿಯ ಕಾಲು ನೋಯುತ್ತಿದೆ ಎಂದು ಕಂಡುಕೊಂಡು ಫ್ಯಾನಿನ ಕೆಳಗೆ ಕುರ್ಚಿ ಎಳೆದು ಹಾಕಿದರು. ಇನ್ಸ್‌ಪೆಕ್ಟರರಿಗೆ ತಕ್ಷಣ ಅನುಮಾನ ಬಂತು. ಅಂಗಡಿಯವನು ಕುರ್ಚಿ ಹಾಕಿದನೆಂದರೆ ತಳದಲ್ಲಿ ಏನೋ ಇದೆ.

“ಫೋನು, ಕೈಗಡಿಯಾರ ಎಲ್ಲ ಈ ಟ್ರೇಯಲ್ಲಿ ಇಡಿ ಸಾರ್. ನಕಲಿನ ವಿಚಾರಣೆ ಅಲ್ವಾ, ನಿಯಮ.”

“ರಸೀದಿ ಕೊಡ್ತೀರಾ?”

ಗುಮಾಸ್ತೆ ನಗಲಿಲ್ಲ. ಒಂದು ಹಾಳೆ ತೆಗೆದು, ‘ಕೈಗಡಿಯಾರ ಒಂದು, ಗಾಜು ಸ್ವಲ್ಪ ಗೀರಿದೆ’ ಎಂದು ಬರೆದು ಸಹಿ ಹಾಕಿ ಕೊಟ್ಟರು. ಗೀರನ್ನೂ ಬರೆದದ್ದನ್ನು ನೋಡಿ ಇನ್ಸ್‌ಪೆಕ್ಟರರಿಗೆ, ಇಷ್ಟವಿಲ್ಲದಿದ್ದರೂ, ಗೌರವ ಹುಟ್ಟಿತು.

ಅಂದು ವಿಚಾರಣೆಗೆ ಬೇರೆಯವರೂ ಇದ್ದುದರಿಂದ ಇವರ ಸರದಿ ಬಂದಾಗ ನಾಲ್ಕು ದಾಟಿತ್ತು. ಮೊದಲು ಒಬ್ಬರನ್ನೇ ಕರೆದರು: ತಂದೆಯನ್ನು. ಒಳಗೆ ಗಿಡ್ಡಗಿನ ಪ್ರೊಫೆಸರಮ್ಮ ಒಬ್ಬರು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ತಡಕುತ್ತಿದ್ದರು. ಇನ್ಸ್‌ಪೆಕ್ಟರರು ಬೆರಳು ತೋರಿಸಿದರು. ಕನ್ನಡಕ ಇಳಿಯಿತು. ಇಬ್ಬರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು.

“ಪ್ರಬಂಧ ನೀವೇ ಬರೆದದ್ದಾ?”

“ಹೌದು.”

“ಹಾಗಾದ್ರೆ ಹೇಳಿ. ನೋಡೋಕೆ ಒಂದೇ ಥರ ಇರೋ ಒಂಬತ್ತು ತೂಕದ ಬಟ್ಟು. ಒಂದು ಮಾತ್ರ ಹಗುರ. ತಕ್ಕಡಿ ಇದೆ. ಎಷ್ಟು ಸಲ ತೂಗಿ ಕಂಡುಹಿಡೀತೀರಿ?”

ಸೀಟು ಸಿಗದಿರಲಿ ಎಂದೇ ಬಂದವರು ‘ಗೊತ್ತಿಲ್ಲ’ ಎಂದು ಹೇಳಬಹುದಿತ್ತು. ಆದರೆ ತಕ್ಕಡಿಯ ವಿಷಯದಲ್ಲಿ ಸುಳ್ಳು ಹೇಳಲು ಅವರ ನಾಲಗೆ ಏಳಲಿಲ್ಲ.

“ಎರಡು ಸಲ. ಈ ಕಡೆ ಮೂರು, ಆ ಕಡೆ ಮೂರು. ಹಗುರ ಆದ ಕಡೆ ಕಳ್ಳ ಇದಾನೆ. ಸಮ ನಿಂತ್ರೆ ಕೆಳಗೆ ಉಳಿದ ಮೂರರಲ್ಲಿ ಇದಾನೆ. ಆಮೇಲೆ ಆ ಮೂರರಲ್ಲಿ ಒಂದಕ್ಕೊಂದು. ಆದ್ರೆ...” ಎಂದು ಬೆರಳೆತ್ತಿದರು.

“ಆದ್ರೆ?”

“ಅದಕ್ಕೂ ಮೊದಲು ಖಾಲಿ ತಟ್ಟೆ ನೋಡ್ಬೇಕು. ತಕ್ಕಡಿ ಸರಿ ಇದೆ ಅಂತ ನಿಮಗೆ ಯಾರು ಹೇಳಿದ್ರು?”

ಪ್ರೊಫೆಸರಮ್ಮ ಪೆನ್ನು ಕೆಳಗಿಟ್ಟರು. “ಇಪ್ಪತ್ತು ವರ್ಷದಿಂದ ಈ ಪ್ರಶ್ನೆ ಕೇಳ್ತಿದೀನಿ. ತಕ್ಕಡಿ ಮೇಲೇ ಅನುಮಾನ ಪಟ್ಟವರು ನೀವೇ ಮೊದಲು. ನಾವು ಇಲ್ಲಿ ಮೂರು ವರ್ಷ ಹೊಡೆದು ಬಡಿದು ಕಲಿಸೋದು ಇದನ್ನೇ. ನಿಮಗೆ ಸೀಟು ಕೊಡದೇ ಇರೋಕೆ ನನಗೆ ಒಂದೂ ಕಾರಣ ಸಿಗ್ತಿಲ್ಲ.”

ಇನ್ಸ್‌ಪೆಕ್ಟರರಿಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. “ಬೇಡಮ್ಮ, ದಯವಿಟ್ಟು! ನನ್ನದು ಪರೀಕ್ಷಾ ಖರೀದಿ!”

ಎಲ್ಲವನ್ನೂ ಒಪ್ಪಿಕೊಂಡರು. ಮಗುಚುವ ತತ್ವ, ಮೂವತ್ತೆಂಟು ಅಂಕ, ಹೊಳೆಯವರ ಏಳು ನಿಮಿಷ. ಪ್ರೊಫೆಸರಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ಅವರ ಮುಖ ಇನ್ನೂ ಗಂಭೀರವಾಯಿತು.

“ಅಂದ್ರೆ ತಕ್ಕಡಿ ವಿಷಯ ಅರೆದು ಕುಡಿದವರು ನೀವು. ಹಾಗಾದ್ರೆ ಮಗಳ ಪ್ರಬಂಧ ಬರೆದವರು ಯಾರು?”

ತಮ್ಮ ಜಾಣತನವೇ ಮಗಳ ಕುತ್ತಿಗೆಗೆ ಬಂದದ್ದು ಆಗ ಅವರಿಗೆ ತಿಳಿಯಿತು.

ಮಗಳನ್ನೂ ಒಳಗೆ ಕರೆದರು. ಅವಳ ಪ್ರಬಂಧವನ್ನು ತಂದೆಯ ಕೈಗೆ ಕೊಟ್ಟು, “ಓದಿ, ಇದರ ಅರ್ಥ ಹೇಳಿ” ಎಂದರು. ಇನ್ಸ್‌ಪೆಕ್ಟರರು ಮೊದಲ ಸಾಲು ಓದಿ ನಿಂತರು. ‘ನನ್ನ ತಂದೆಯ ಹನ್ನೊಂದು ವರ್ಷದ ತಪಾಸಣೆ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ, ಯಾವ ತಕ್ಕಡಿ ಯಾವಾಗ ತಪ್ಪಬಹುದು ಎಂದು ಮೊದಲೇ ಹೇಳುವ ಪ್ರಯತ್ನ ಇದು. ನನಗೆ ತಿಳಿದಿರುವವರಲ್ಲಿ ಇಷ್ಟು ತಪ್ಪದೆ ಬರೆದಿಡುವವರು ಇನ್ನೊಬ್ಬರಿಲ್ಲ.’

“ನನ್ನ ಪುಸ್ತಕ ಮುಟ್ಟಿದ್ಯಾ?” ಎಂದರು.

“ಕಪಾಟಿನ ಬೀಗದ ಕೈ ನೀವು ಎಲ್ಲಿಡ್ತೀರಿ ಅಂತ ಇಡೀ ಬೀದಿಗೆ ಗೊತ್ತು ಅಪ್ಪಾ.”

ಮುಂದೆ ಓದಿದರು. ಒಂದು ಪುಟ ತುಂಬ ಕಂಬಳಿಹುಳುವಿನಂಥ ಚಿಹ್ನೆಗಳು. “ಇದು ನನಗೆ ಒಂದಕ್ಷರ ತಿಳೀಲಿಲ್ಲ,” ಎಂದರು ಅತಿ ಹೆಮ್ಮೆಯಿಂದ.

“ತಿಳೀಲಿಲ್ಲ ಅಂತ ಯಾರು ಬೇಕಾದ್ರೂ ಹೇಳ್ಬಹುದು,” ಎಂದರು ಪ್ರೊಫೆಸರಮ್ಮ. ಅನುಮಾನದಲ್ಲಿ ಅವರು ಇನ್ಸ್‌ಪೆಕ್ಟರರಿಗೆ ಸರಿಸಮ.

ಕೊನೆಯ ಪುಟದಲ್ಲಿ ಪದಗಳಿದ್ದವು. ಅಲ್ಲಿಗೆ ಬಂದ ಇನ್ಸ್‌ಪೆಕ್ಟರರ ಹುಬ್ಬು ಗಂಟಿಕ್ಕಿತು. “‘ಪ್ರತಿ ವರ್ಷ ಬೇಸಿಗೆಯ ಮೊದಲ ತಿಂಗಳಲ್ಲಿ ತರಕಾರಿ ಸಾಲಿನ ತಕ್ಕಡಿಗಳು ದುಪ್ಪಟ್ಟು ತಪ್ಪುತ್ತವೆ. ಸೆಕೆಗೆ ಸ್ಪ್ರಿಂಗ್ ಹಿಗ್ಗುವುದು ಇದಕ್ಕೆ ಕಾರಣ.’ ಶುದ್ಧ ತಪ್ಪು!”

“ಏನಪ್ಪಾ ತಪ್ಪು? ಹನ್ನೊಂದು ವರ್ಷವೂ ಹಾಗೇ ಇದೆ. ನಿಮ್ಮದೇ ಅಂಕಿ!”

“ಅಂಕಿ ಸರಿ ಕಣೇ, ಕಾರಣ ತಪ್ಪು. ಅದು ಸೆಕೆ ಅಲ್ಲ. ನಮ್ಮ ಇಲಾಖೆ ವರ್ಷ ಮುಗಿಯೋ ತಿಂಗಳು! ಸಾಹೇಬರು ಮೇಲಿನವರಿಗೆ ಕೇಸು ತೋರಿಸ್ಬೇಕು. ಆ ತಿಂಗಳು ದಿನಕ್ಕೆರಡು ಸಲ ಸಾಲಿಗೆ ಹೋಗ್ತೀವಿ. ಜಾಸ್ತಿ ಹುಡುಕಿದ್ರೆ ಜಾಸ್ತಿ ಸಿಗುತ್ತೆ. ತಕ್ಕಡಿಗೇನು ಗೊತ್ತು ಬೇಸಿಗೆ?”

“ಇದನ್ನ ಪುಸ್ತಕದಲ್ಲಿ ಎಲ್ಲೂ ಬರೆದೇ ಇಲ್ವಲ್ಲ ನೀವು!”

“ಅದನ್ನೆಲ್ಲ ಬರೀತಾರೇನೇ? ಸಾಹೇಬರು ಓದಿದ್ರೆ?”

“ಮತ್ತೆ ನಾನು ಹೇಗೆ ತಿಳ್ಕೋಬೇಕಿತ್ತು?”

“ಕೇಳ್ಬೇಕಿತ್ತು!”

“ಕೇಳಿದ್ರೆ ‘ಪುಸ್ತಕ ಯಾಕೆ ಮುಟ್ಟಿದೆ’ ಅಂತಿದ್ರಿ! ನಾಲ್ಕು ತಿಂಗಳು ಆ ಸ್ಪ್ರಿಂಗ್ ಹಿಂದೆ ಬಿದ್ದಿದ್ದೆ ಅಪ್ಪಾ, ನಾಲ್ಕು ತಿಂಗಳು!”

ಅವಳ ಕಣ್ಣು ತುಂಬಿ ಬಂತು. ಲಕೋಟೆ ಒಡೆದಾಗ ಬಾರದ ಅಳು, ಒಂದು ಸ್ಪ್ರಿಂಗಿಗಾಗಿ ಬಂತು. ಇನ್ಸ್‌ಪೆಕ್ಟರರು ದಿಕ್ಕು ತೋಚದೆ, “ಸ್ಪ್ರಿಂಗು ಸ್ವಲ್ಪ ಹಿಗ್ಗುತ್ತೆ ಬಿಡು... ತೀರ ಇಲ್ಲ ಅಂತೇನಿಲ್ಲ” ಎಂದು ತಡವರಿಸಿದರು. ಜೀವಮಾನದಲ್ಲಿ ಅವರು ಯಾವ ಸ್ಪ್ರಿಂಗಿಗೂ ಕೊಡದ ರಿಯಾಯಿತಿ ಅದು.

ಪ್ರೊಫೆಸರಮ್ಮ ಬಾಗಿಲು ತೆರೆದು ಗುಮಾಸ್ತೆಯನ್ನು ಕರೆದರು. “ಬರ್ಕೊಳ್ಳಿ. ಇಬ್ಬರೂ ಸೇರಿ ಬರೆದಿದ್ರೆ ಈ ಜಗಳ ಮನೇಲೇ ಮುಗಿದಿರ್ತಿತ್ತು. ನಕಲು ಇಲ್ಲ.” ಮಗಳ ಕಡೆ ತಿರುಗಿದರು. “ಕಡತ ಬಿಡುಗಡೆ ಆಗುತ್ತೆ. ಆದ್ರೆ ಒಂದು ಕಷ್ಟ ಇದೆ. ಎರಡೂ ಅರ್ಜಿ ಒಂದೇ ದಾರದಲ್ಲಿ ಕಟ್ಟಿದೆ. ನಿಮ್ಮ ತಂದೆಯದು ಮುಗಿಯದೆ ನಿಮ್ಮದು ಬಿಚ್ಚೋಕೆ ಆಗಲ್ಲ. ತಿರಸ್ಕರಿಸೋಣ ಅಂದ್ರೆ ಅವರು ಪಾಸಾಗಿದಾರೆ. ಅವರೇ ಬಿಟ್ಟುಕೊಡ್ಬೇಕು. ಇನ್ನು ನೀವು ಒಪ್ಪೋದು ನಮ್ಮನ್ನೋ ಹೊಳೆಯವರನ್ನೋ, ಅದು ನಿಮ್ಮಿಷ್ಟ. ಐದು ಗಂಟೆಯೊಳಗೆ.”

ಹೊರಗೆ ಬಂದರು. ತಾಯಿ ಫ್ಯಾನಿನ ಕೆಳಗಿನಿಂದ ಎದ್ದು ನಿಂತರು. ಮಗಳ ಮುಖ ನೋಡಿ ಮೊದಲು ಹೆದರಿ, ಆಮೇಲೆ ಧೈರ್ಯ ತಂದುಕೊಂಡರು.

“ಹೊಳೆನೇ ಆಗಲಿ ಪುಟ್ಟಿ,” ಎಂದರು ಇನ್ಸ್‌ಪೆಕ್ಟರರು. ತತ್ವವನ್ನು ಅಷ್ಟು ಬೇಗ ಬಿಟ್ಟುಕೊಡುವವರಲ್ಲ. “ಅವರ ತಕ್ಕಡಿ ಸಾಚಾ. ನನ್ನನ್ನ ಬೇಡ ಅಂದ್ರು. ಇವರು ನನ್ನಂಥೋನನ್ನೂ ಪಾಸು ಮಾಡಿದಾರೆ ಅಂದ್ರೆ...”

“ಹೊಳೆಯವರು ನನ್ನನ್ನ ನೋಡದೆ ಒಳಗೆ ಕರೆದ್ರು, ನಿಮ್ಮನ್ನ ನೋಡದೆ ಹೊರಗೆ ಹಾಕಿದ್ರು,” ಎಂದಳು ಮಗಳು, ಮೂಗು ಒರೆಸಿಕೊಳ್ಳುತ್ತ. “ಇವರು ಇಬ್ಬರನ್ನೂ ಕೂರಿಸಿ ಕೇಳಿದ್ರು. ನನ್ನ ತಪ್ಪು ಸಿಕ್ಕಿದ್ದು ಇಲ್ಲೇ. ನಾನು ಇಲ್ಲೇ ಇರ್ತೀನಿ ಅಪ್ಪಾ.”

ಇನ್ಸ್‌ಪೆಕ್ಟರರು ಈ ಮಾತನ್ನು ಮಗುಚಿ ನೋಡಿದರು. ತಳದಲ್ಲಿ ಏನೂ ಅಂಟಿರಲಿಲ್ಲ.

ಗುಮಾಸ್ತೆ ಒಂದು ನಮೂನೆಯನ್ನು ಅವರ ಮುಂದಿಟ್ಟರು. ‘ನನಗೆ ದೊರೆತಿರುವ ಸೀಟನ್ನು ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇನೆ.’ ಕೆಳಗೆ ಸಹಿಯ ಜಾಗ.

ಪೆನ್ನು ಹಿಡಿದರು. ‘ನನಗೆ ದೊರೆತಿರುವ’ ಎಂಬಲ್ಲಿ ಕಣ್ಣು ನಿಂತಿತು. ಓದು ಮುಗಿಸಿ ಅವರು ಅಂದುಕೊಂಡದ್ದು ಏನೇನೋ. ಸಿಕ್ಕಿದ್ದು ತಕ್ಕಡಿಯ ಕೆಲಸ. ಇಷ್ಟು ವರ್ಷ ಬೇರೆಯವರ ತೂಕ ನೋಡಿದ್ದೇ ಆಯಿತು, ಅವರನ್ನು ಯಾರೂ ಕೂರಿಸಿ ತೂಗಿರಲಿಲ್ಲ. ಇಂದು ತೂಗಿದ್ದರು. ಸರಿಯಾಗಿದೆ ಎಂದಿದ್ದರು. ಪೆನ್ನಿನ ಮೊನೆ ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತುಬಿಟ್ಟಿತು. ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಮಗಳು ತಾಯಿಯ ಕೈ ಹಿಡಿದು ಬೇಡವೆಂದಳು. ಅವಸರಿಸಲಿಲ್ಲ.

ಅಷ್ಟರಲ್ಲಿ ಗೋಡೆಯ ಗಡಿಯಾರ ಢಣ್ ಎಂದಿತು. ಒಂದು, ಎರಡು, ಮೂರು, ನಾಲ್ಕು, ಐದು.

ಇನ್ಸ್‌ಪೆಕ್ಟರರ ಕೈಯಿಂದ ಪೆನ್ನು ಜಾರಿತು. ಮುಖ ಸುಣ್ಣದ ಹಾಗಾಯಿತು. “ಹೋಯ್ತು! ಪುಟ್ಟಿ, ಹೋಯ್ತಲ್ಲೇ! ಎರಡೂ ಹೋಯ್ತು! ಇಲ್ಲಿ ಕೂತು ಏನು ಯೋಚನೆ ಮಾಡ್ತಿದ್ದೆ ನಾನು, ಮುದಿ ದಡ್ಡ!”

“ಸಹಿ ಹಾಕಿ ಸಾರ್,” ಎಂದರು ಗುಮಾಸ್ತೆ, ಪೆನ್ನು ಎತ್ತಿಕೊಡುತ್ತ.

“ಐದು ಹೊಡೀತಲ್ಲಮ್ಮ!”

“ಆ ಗಡಿಯಾರ ಹತ್ತು ನಿಮಿಷ ಮುಂದಿದೆ. ಸೀಲು ಹಾಕೋದು ನನ್ನ ಕೈಗಡಿಯಾರ ನೋಡಿ.”

ಇನ್ಸ್‌ಪೆಕ್ಟರರು ಸಹಿ ಹಾಕಿದರು. ಮಗಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಎರಡು ಕಾಗದಗಳ ಮೇಲೂ ಸೀಲು ಬಿತ್ತು: ನಾಲ್ಕು ಐವತ್ತಮೂರು. ತಾಯಿ ಕುರ್ಚಿಯಲ್ಲಿ ದೊಪ್ಪನೆ ಕೂತು, ಸೆರಗಿನಿಂದ ಮಗಳ ಮುಖವನ್ನೂ ತಮ್ಮ ಮುಖವನ್ನೂ ಒಟ್ಟಿಗೆ ಒರೆಸಿದರು.

ಎಲ್ಲ ಮುಗಿದ ಮೇಲೆ, ಟ್ರೇಯಿಂದ ತಮ್ಮ ಕೈಗಡಿಯಾರ ತೆಗೆದುಕೊಂಡು ಇನ್ಸ್‌ಪೆಕ್ಟರರು ಗೋಡೆಯ ಕಡೆ ತಿರುಗಿದರು. ಹತ್ತು ನಿಮಿಷ. ಸಾರ್ವಜನಿಕ ಕಚೇರಿಯಲ್ಲಿ. ಅವರ ಬೆನ್ನು ನೆಟ್ಟಗಾಯಿತು.

“ಕೆಟ್ಟಿದೆಯಾ?”

“ಇಲ್ಲ ಸಾರ್. ನಾನೇ ತಿರುಗಿಸಿ ಇಟ್ಟಿದೀನಿ.”

“ಬೇಕಂತಲೇ?”

“ಕೊನೇ ದಿನ ಮಕ್ಕಳು ಓಡಿ ಓಡಿ ಬರ್ತಾರೆ. ಕೆಲವರು ಬಂದೂ ಸಹಿ ಹಾಕೋಕಾಗದೆ ಕೂತ್ಕೋತಾರೆ. ಗಂಟೆ ಹೊಡೆದ ಮೇಲೂ ಅವರಿಗೆ ಸ್ವಲ್ಪ ಉಳಿದಿರಲಿ ಅಂತ.”

“ಮೇಲಿನವರಿಗೆ ಗೊತ್ತಾ?”

“ಇಲ್ಲ ಸಾರ್.”

ಇನ್ಸ್‌ಪೆಕ್ಟರರು ಕೈಚೀಲದಿಂದ ತಪಾಸಣೆ ಪುಸ್ತಕ ಹೊರತೆಗೆದರು. ತಾಯಿ “ರೀ...” ಎಂದರು. ಮಗಳು ತಂದೆಯ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವರು ತಾರೀಖು ಹಾಕಿದರು, ಸ್ಥಳ ಬರೆದರು, ಪೆನ್ನನ್ನು ಒಂದು ಗಳಿಗೆ ತುಟಿಗೆ ಒತ್ತಿಕೊಂಡರು. ಆಮೇಲೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು:

‘ಗೋಡೆ ಗಡಿಯಾರ, ಒಂದು. ಪರಿಶೀಲಿಸಿಲ್ಲ.’